ಹೃದಯ ಶಸ್ತ್ರಚಿಕಿತ್ಸೆಯಾದ ಮಹಿಳೆಯರ ಎದೆಬಡಿತದ ಲೆಕ್ಕವನ್ನು ಬೇರೆಯಾಗಿ ಇಡಿ: ಒಂದು ಬಹಿರಂಗ ಪತ್ರ

ರಾಜ್ಯ ಸರ್ಕಾರದ ಆರೋಗ್ಯ ಯೋಜನೆಗಳನ್ನು ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನ ಕಾರ್ಯನಿರ್ವಾಹಕ ನಿರ್ದೇಶಕರಿಗೆ ಹಾಗೂ ರಾಜ್ಯದ ಹೃದಯ ಶಸ್ತ್ರಚಿಕಿತ್ಸಾ ವಿಭಾಗಗಳ ಮುಖ್ಯಸ್ಥರಿಗೆ,

ಮಾನ್ಯರೇ,

ತೆರೆದ ಹೃದಯದ ಶಸ್ತ್ರಚಿಕಿತ್ಸೆ ಮುಗಿದವರನ್ನು ಮೊದಲ ಕೆಲವು ದಿನ ಇರಿಸಿಕೊಳ್ಳುವ ತೀವ್ರ ನಿಗಾ ಘಟಕದಲ್ಲಿ 26 ವರ್ಷ ಶುಶ್ರೂಷಕಿಯಾಗಿ ದುಡಿದು, ಈಗ ನಿವೃತ್ತಳಾಗಿ ಮನೆಯಲ್ಲಿರುವ ನಾನು ಈ ಪತ್ರವನ್ನು ನಿಮ್ಮ ಕಚೇರಿಯ ಟಪಾಲಿಗೆ ಹಾಕದೆ ಎಲ್ಲರೂ ಓದುವಂತೆ ಬರೆಯುತ್ತಿರುವುದಕ್ಕೆ ಕಾರಣವಿದೆ. ನಾನು ಕೇಳುತ್ತಿರುವುದು ನಿಮ್ಮೊಬ್ಬರಿಂದಲೇ ಆಗುವ ಕೆಲಸವಲ್ಲ. ಆದೇಶ ನಿಮ್ಮದಾದರೂ ಬರೆಯಬೇಕಾದ ಕೈ ವಾರ್ಡಿನ ಡ್ಯೂಟಿ ಡಾಕ್ಟರದ್ದು. ಬರೆದಿದ್ದೀರಾ ಎಂದು ಕೇಳಬೇಕಾದವರು ರೋಗಿ ಮತ್ತು ಅವಳನ್ನು ಮನೆಗೆ ಕರೆದೊಯ್ಯುವವರು. ವಿಷಯ ಇಷ್ಟು: ಹೃದಯ ಶಸ್ತ್ರಚಿಕಿತ್ಸೆಯ ನಂತರ ಎದೆಬಡಿತದ ಲಯ ತಪ್ಪುವುದು ಮಹಿಳೆಯರಲ್ಲಿ ಪುರುಷರಿಗಿಂತ ಕಡಿಮೆ, ಆದರೆ ತಪ್ಪಿದಾಗ ಅದರ ಜೊತೆಗೆ ಬರುವ ಮುಂದಿನ ವರ್ಷಗಳ ಅಪಾಯ ಮಹಿಳೆಯರಲ್ಲೇ ಹೆಚ್ಚು. ಇದರ ಮೊದಲ ಅರ್ಧವನ್ನು ನಾವೆಲ್ಲರೂ ಚೆನ್ನಾಗಿ ಕಲಿತಿದ್ದೇವೆ. ಎರಡನೆಯ ಅರ್ಧಕ್ಕೆ ನಾನು ದುಡಿದ ಕಡೆಯ ಕಾಗದಪತ್ರಗಳಲ್ಲಿ ಜಾಗವೇ ಇರಲಿಲ್ಲ.

ಈ ತೊಂದರೆಯನ್ನು ಕಾಣದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಆರೋಗ್ಯವಂತ ಹೃದಯದಲ್ಲಿ ಮೇಲಿನ ಎರಡು ಕೋಣೆಗಳು, ಅಂದರೆ ಹೃತ್ಕರ್ಣಗಳು, ಒಂದೇ ಕಡೆಯಿಂದ ಹೊರಡುವ ವಿದ್ಯುತ್ ಸಂಜ್ಞೆಗೆ ಒಟ್ಟಾಗಿ ಕುಗ್ಗುತ್ತವೆ. ಏಟ್ರಿಯಲ್ ಫಿಬ್ರಿಲೇಶನ್ ಎನ್ನುವ ಸ್ಥಿತಿಯಲ್ಲಿ, ನಾವು ವಾರ್ಡಿನಲ್ಲಿ ಚಿಕ್ಕದಾಗಿ ಎಎಫ್ ಎನ್ನುತ್ತೇವೆ, ಆ ಕೋಣೆಗಳು ಕುಗ್ಗುವುದನ್ನು ಬಿಟ್ಟು ಬರೀ ಅದುರುತ್ತವೆ. ಮಾನಿಟರಿನ ಗೆರೆಯಲ್ಲಿ ಪ್ರತಿ ಬಡಿತದ ಮುಂಚೆ ಕಾಣುವ ಪುಟ್ಟ ಉಬ್ಬು ಮಾಯವಾಗುತ್ತದೆ, ಬಡಿತಗಳ ನಡುವಿನ ಅಂತರಕ್ಕೆ ಯಾವ ಲೆಕ್ಕವೂ ಇರುವುದಿಲ್ಲ, 80ರಲ್ಲಿದ್ದ ಬಡಿತ ಕೆಲವೇ ನಿಮಿಷಗಳಲ್ಲಿ 140 ದಾಟುತ್ತದೆ. ಮಣಿಕಟ್ಟಿಗೆ ಬೆರಳಿಟ್ಟರೆ ಒಂದು ಬಡಿತ ಜೋರು, ಮುಂದಿನದು ಸಣ್ಣದು, ಅದರ ಮುಂದಿನದು ಬರುವುದೇ ಇಲ್ಲ. ಅದುರುವ ಕೋಣೆಯ ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮಿದುಳಿಗೆ ಹೋದರೆ ಲಕ್ವ.

ಶಸ್ತ್ರಚಿಕಿತ್ಸೆಯ ನಂತರ ಇದು ಹೆಚ್ಚಾಗಿ ಬರುವುದು ಎರಡನೆಯ ಅಥವಾ ಮೂರನೆಯ ದಿನ. ಬೈಪಾಸ್ ಆದವರಲ್ಲಿ ಹತ್ತಕ್ಕೆ ಸುಮಾರು ಮೂವರಲ್ಲಿ, ವಾಲ್ವ್ ಶಸ್ತ್ರಚಿಕಿತ್ಸೆಯಾದವರಲ್ಲಿ ಸುಮಾರು ನಾಲ್ವರಲ್ಲಿ, ಎರಡೂ ಒಟ್ಟಿಗೆ ಆದವರಲ್ಲಿ ಅರ್ಧದಷ್ಟು ಜನರಲ್ಲಿ ಕಾಣುತ್ತದೆ. ಹೃದಯವನ್ನು ಕೈಯಲ್ಲಿ ಹಿಡಿದು ಕೆಲಸ ಮಾಡಿದ್ದರ ಉರಿಯೂತ, ಹೃದಯದ ಸುತ್ತಲಿನ ಚೀಲದಲ್ಲಿ ನಿಂತ ರಕ್ತ, ಡ್ರಿಪ್ಪಿನ ದ್ರವದಿಂದ ಹಿಗ್ಗಿದ ಹೃತ್ಕರ್ಣ, ನೋವು ಮತ್ತು ಆತಂಕದಿಂದ ಏರಿದ ಅಡ್ರಿನಲಿನ್, ಬಡಿತದ ವೇಗ ತಗ್ಗಿಸಲು ಮೊದಲಿನಿಂದ ತೆಗೆದುಕೊಳ್ಳುತ್ತಿದ್ದ ಬೀಟಾ ಬ್ಲಾಕರ್ ಮಾತ್ರೆ ನಡುವೆ ನಿಂತುಹೋಗುವುದು, ಇವೆಲ್ಲವೂ ಸೇರಿ ಅದನ್ನು ತರುತ್ತವೆ. ವಯಸ್ಸು ಹೆಚ್ಚಿದಷ್ಟೂ ಸಾಧ್ಯತೆ ಹೆಚ್ಚು. ಹೆಚ್ಚಿನವರಲ್ಲಿ ಲಯ ಸರಿಪಡಿಸುವ ಅಮಿಯೊಡರೋನ್ ಅಥವಾ ಬೀಟಾ ಬ್ಲಾಕರ್ ಕೊಟ್ಟ ಮೇಲೆ, ಕೆಲವೊಮ್ಮೆ ಏನೂ ಕೊಡದೆಯೇ, ಒಂದೆರಡು ದಿನಗಳಲ್ಲಿ ಲಯ ಮರಳಿ ಬರುತ್ತದೆ. ಹಾಗೆ ಮರಳಿ ಬರುವುದೇ ಈ ತೊಂದರೆಯನ್ನು ನಾವು ಹಗುರವಾಗಿ ಕಾಣಲು ಕಾರಣ. ರಾತ್ರಿ ಪಾಳಿಯವರು ಬೆಳಗಿನ ಪಾಳಿಯವರಿಗೆ ಹೇಳುವ ಮಾತು ಒಂದೇ: «ರಾತ್ರಿ ಎಎಫ್ ಆಗಿತ್ತು, ರಿವರ್ಟ್ ಆಯ್ತು». ಅಲ್ಲಿಗೆ ಕಥೆ ಮುಗಿಯಿತು ಎಂದೇ ನಾವು ತಿಳಿಯುತ್ತಿದ್ದೆವು.

ನಮಗೆ ಕಲಿಸಿದ ಅಪಾಯದ ಪಟ್ಟಿಯಲ್ಲಿ ಪುರುಷರಾಗಿರುವುದೂ ಒಂದು ಅಪಾಯವಾಗಿತ್ತು. ಆ ಪಟ್ಟಿ ಸುಳ್ಳಲ್ಲ. 2024ರಲ್ಲಿ ಜಾಮಾ ಸರ್ಜರಿ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನ ಅಮೆರಿಕದ ಎರಡು ದೊಡ್ಡ ಆಸ್ಪತ್ರೆಗಳಲ್ಲಿ 2002ರಿಂದ 2016ರ ನಡುವೆ ಬೈಪಾಸ್ ಅಥವಾ ವಾಲ್ವ್ ಶಸ್ತ್ರಚಿಕಿತ್ಸೆಯಾದ 21 ಸಾವಿರಕ್ಕೂ ಹೆಚ್ಚು ಜನರನ್ನು 2022ರ ಕೊನೆಯವರೆಗೆ ಹಿಂಬಾಲಿಸಿತು. ಅವರಲ್ಲಿ ಮಹಿಳೆಯರು ನೂರಕ್ಕೆ ಸುಮಾರು 31. ವಯಸ್ಸು, ಇತರ ಕಾಯಿಲೆಗಳು ಮುಂತಾದವುಗಳ ವ್ಯತ್ಯಾಸವನ್ನು ಲೆಕ್ಕದಲ್ಲಿ ಸರಿದೂಗಿಸಿದ ಮೇಲೆ ಮಹಿಳೆಯರಲ್ಲಿ ಎಎಫ್ ಆಗುವ ಸಾಧ್ಯತೆ ಪುರುಷರಿಗಿಂತ ಕಡಿಮೆಯೇ ಇತ್ತು. ಇಲ್ಲಿಯವರೆಗೆ ನಮ್ಮ ಪಟ್ಟಿ ಸರಿ. ಆದರೆ ಆ ಅಧ್ಯಯನದವರು ಅಲ್ಲಿಗೆ ನಿಲ್ಲಿಸದೆ, ಎಎಫ್ ಆದ ಮಹಿಳೆಯರನ್ನು ಎಎಫ್ ಆಗದ ಮಹಿಳೆಯರೊಂದಿಗೆ, ಎಎಫ್ ಆದ ಪುರುಷರನ್ನು ಆಗದ ಪುರುಷರೊಂದಿಗೆ ಬೇರೆಬೇರೆಯಾಗಿ ಹೋಲಿಸಿ ನೋಡಿದರು. ಪುರುಷರಲ್ಲಿ, ಎಎಫ್ ಆದವರಿಗೆ ಮುಂದಿನ ವರ್ಷಗಳಲ್ಲಿ ಸಾವಿನ ಅಪಾಯ ನೂರಕ್ಕೆ 17ರಷ್ಟು ಹೆಚ್ಚು. ಮಹಿಳೆಯರಲ್ಲಿ ನೂರಕ್ಕೆ 31ರಷ್ಟು ಹೆಚ್ಚು.

ಈ ಅಂಕಿಗಳನ್ನು ಅವುಗಳ ಮಿತಿಯೊಳಗೆ ಓದಬೇಕು. ಇದು ನಡೆದುಹೋದದ್ದನ್ನು ದಾಖಲೆಗಳಿಂದ ನೋಡಿದ ಅಧ್ಯಯನ. ಎಎಫ್ ಕಂಡವರಲ್ಲಿ ಸಾವು ಹೆಚ್ಚು ಎಂದು ಅದು ಹೇಳುತ್ತದೆಯೇ ಹೊರತು ಎಎಫ್‌ನಿಂದಲೇ ಸತ್ತರು ಎಂದು ಹೇಳುವುದಿಲ್ಲ. ಅದುರಿದ ಹೃತ್ಕರ್ಣ ಒಳಗಿನ ಬೇರೊಂದು ಸವೆತದ ಗುರುತೂ ಆಗಿರಬಹುದು. ಗುರುತಾಗಿದ್ದರೂ ನನ್ನ ಬೇಡಿಕೆ ಬದಲಾಗುವುದಿಲ್ಲ. ಯಾರ ಮೇಲೆ ಹೆಚ್ಚು ಕಣ್ಣಿಡಬೇಕೆಂದು ಮೂರನೆಯ ರಾತ್ರಿಯೇ ಹೇಳಿಬಿಡುವ ಗುರುತನ್ನು ಬರೆದಿಡದೆ ಬಿಡಲು ಅದು ಕಾರಣವಾಗಲಾರದು.

ಈಗ ನಾನು ಕಂಡದ್ದನ್ನು ಹೇಳುತ್ತೇನೆ. ಆಸ್ಪತ್ರೆಯ ಹೆಸರು, ಊರಿನ ಹೆಸರು ಬೇಡ. ಅದು ಎಲ್ಲಿ ಬೇಕಾದರೂ ನಡೆಯಬಹುದಾದದ್ದು. ಐವತ್ತೆಂಟು ದಾಟಿದ, ಸಕ್ಕರೆ ಕಾಯಿಲೆಯಿದ್ದ ತಾಯಿಯೊಬ್ಬರಿಗೆ ಬೈಪಾಸ್ ಆಗಿತ್ತು. ಮೂರನೆಯ ರಾತ್ರಿ ಎರಡೂವರೆಗೆ ನಾನು ಅವರ ಹಾಸಿಗೆಯ ಬಳಿ ಹೋದಾಗ ಅವರು ಎದ್ದು ಕುಳಿತಿದ್ದರು. ಏನಾಗ್ತಿದೆ ಅಮ್ಮಾ ಎಂದು ಕೇಳಿದರೆ, «ಏನಿಲ್ರೀ ಸಿಸ್ಟರ್, ಒಂಚೂರು ಜೀವ ಕಸಿವಿಸಿ ಆಗ್ತೈತಿ, ನಿದ್ದಿ ಹತ್ತವಲ್ತು» ಎಂದರು. ಎದೆ ಹೊಡೆದುಕೊಳ್ಳುತ್ತಿದೆ ಎಂದು ಹೇಳಲಿಲ್ಲ. ಮಾನಿಟರಿನಲ್ಲಿ ಬಡಿತ 150ರ ಆಸುಪಾಸು, ಪೂರ್ತಿ ಲಯ ತಪ್ಪಿದ್ದು. ಡ್ಯೂಟಿ ಡಾಕ್ಟರು ಬಂದರು, ಅಮಿಯೊಡರೋನ್ ಡ್ರಿಪ್ ಶುರುವಾಯಿತು, ಮರುದಿನ ಸಂಜೆಗೆ ಲಯ ಮರಳಿತು. ನನ್ನ ಶುಶ್ರೂಷಾ ಟಿಪ್ಪಣಿಯಲ್ಲಿ ಗಂಟೆ ಸಹಿತ ಬರೆದೆ. ಅವರು ಎಂಟನೆಯ ದಿನ ಮನೆಗೆ ಹೋದರು. ಅವರಿಗೆ ಕೊಟ್ಟ ಡಿಸ್ಚಾರ್ಜ್ ಸಮ್ಮರಿಯಲ್ಲಿ ಎಷ್ಟು ರಕ್ತನಾಳ ಜೋಡಿಸಲಾಯಿತು, ಎಷ್ಟು ಹೊತ್ತು ಹೃದಯ-ಶ್ವಾಸಕೋಶ ಯಂತ್ರದಲ್ಲಿದ್ದರು, ಹೊಲಿಗೆ ಯಾವಾಗ ಬಿಚ್ಚಬೇಕು ಎಲ್ಲವೂ ಇತ್ತು. ಕೊನೆಯಲ್ಲಿ ಎಲ್ಲರಿಗೂ ಬರೆಯುವ ವಾಕ್ಯ: ಶಸ್ತ್ರಚಿಕಿತ್ಸೆಯ ನಂತರದ ದಿನಗಳಲ್ಲಿ ವಿಶೇಷ ತೊಂದರೆಗಳಿರಲಿಲ್ಲ.

ಆರು ತಿಂಗಳ ಮೇಲೆ ಅವರು ಬಲಗೈ ಬಿದ್ದು, ಮಾತು ತೊದಲುತ್ತ ಮರಳಿ ಬಂದರು. ತಪಾಸಣೆಯಲ್ಲಿ ಎಎಫ್ ಇತ್ತು. ಆ ಆರು ತಿಂಗಳಲ್ಲಿ ಅವರು ತಮ್ಮೂರಿನ ಹತ್ತಿರದ ವೈದ್ಯರ ಬಳಿ ಮೂರು ಬಾರಿ ಹೋಗಿದ್ದರಂತೆ. ಸುಸ್ತು, ನಿದ್ದೆ ಬಾರದಿರುವುದು, ಎದೆ ಭಾರ ಎಂದು ಹೇಳಿಕೊಂಡಿದ್ದರಂತೆ. ಶಸ್ತ್ರಚಿಕಿತ್ಸೆಯಾದ ಮೇಲೆ ಹೆದರಿಕೆ ಸಹಜ ಎಂದು ನಿದ್ದೆಯ ಮಾತ್ರೆ ಕೊಟ್ಟಿದ್ದರು. ಆ ವೈದ್ಯರನ್ನು ನಾನು ದೂರುವುದಿಲ್ಲ. ಅವರ ಕೈಯಲ್ಲಿದ್ದ ಕಾಗದ ತೊಂದರೆಯೇ ಇರಲಿಲ್ಲ ಎನ್ನುತ್ತಿತ್ತು. ಒಂದು ಸಾಲು ಬರೆದಿದ್ದರೆ ಲಕ್ವ ತಪ್ಪುತ್ತಿತ್ತು ಎಂದು ಆಣೆ ಮಾಡಿ ಹೇಳಲಾರೆ. ನಾಡಿ ಹಿಡಿದು ನೋಡಲು ಅವರಿಗೆ ಒಂದು ಕಾರಣ ಸಿಗುತ್ತಿತ್ತು ಎಂದಷ್ಟೇ ಹೇಳಬಲ್ಲೆ. ನನ್ನ ಟಿಪ್ಪಣಿಯೂ ಅಲ್ಲಿಯೇ, ಆಸ್ಪತ್ರೆಯ ದಾಖಲೆ ಕೊಠಡಿಯ ಕಟ್ಟಿನೊಳಗೇ ಇತ್ತು. ಸಮ್ಮರಿ ಬರೆಯುವಾಗ ಅದನ್ನು ತೋರಿಸಿ ಇದು ಬಿಟ್ಟುಹೋಗಿದೆ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ.

ಮಹಿಳೆಯರು ತಮ್ಮ ಎದೆಬಡಿತವನ್ನು ಹೇಗೆ ಹೇಳಿಕೊಳ್ಳುತ್ತಾರೆ ಎನ್ನುವುದರ ಮೇಲೆ ಒಂದೆರಡು ಮಾತು ಹೆಚ್ಚಾಗಿಯೇ ಹೇಳಬೇಕೆನಿಸುತ್ತದೆ. ಎಎಫ್ ಇರುವ ಮಹಿಳೆಯರಿಗೆ ಲಕ್ಷಣಗಳು ಪುರುಷರಿಗಿಂತ ಹೆಚ್ಚು, ಮತ್ತು ಆ ಲಕ್ಷಣಗಳಲ್ಲಿ ಸುಸ್ತು, ನಿಶ್ಶಕ್ತಿ, ಆತಂಕಗಳ ಪಾಲು ದೊಡ್ಡದು ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ನಮ್ಮಲ್ಲಿ ಅದು «ಜೀವ ಹಾರಿದಂಗಾಗ್ತದೆ», «ಒಳಗೇನೋ ಗಾಬರಿ», «ಕೈಕಾಲು ಬಿದ್ದುಹೋದಂಗಿದೆ» ಎಂಬ ಮಾತುಗಳಾಗಿ ಬರುತ್ತದೆ. ಅದನ್ನು ಹೇಳುವುದಕ್ಕೂ ಮುಂಚೆ ಪಕ್ಕದಲ್ಲಿ ನಿಂತ ಗಂಡನೋ ಮಗನೋ «ಅವಳಿಗೆ ಮೊದಲಿಂದಲೂ ಗಾಬರಿ ಸ್ವಭಾವ ಡಾಕ್ಟ್ರೇ» ಎಂದು ಉತ್ತರ ಕೊಟ್ಟಿರುತ್ತಾರೆ. ಅದೇ ಮಾತನ್ನು ಗಂಡಸು «ಎದೆ ಹೊಡ್ಕೊಳ್ತಾ ಇದೆ» ಎಂದು ಎದೆಯ ಮೇಲೆ ಕೈಯಿಟ್ಟು ಹೇಳಿದಾಗ ಇಸಿಜಿ ಯಂತ್ರ ತಾನಾಗಿ ಬರುತ್ತದೆ. ಇದು ಯಾರೊಬ್ಬರ ದುರುದ್ದೇಶವಲ್ಲ. ಪುರುಷರಿಗೆ ಹೆಚ್ಚು ಎಂಬ ಪಟ್ಟಿ ತಲೆಯಲ್ಲಿ ಕುಳಿತ ಮೇಲೆ ಮಹಿಳೆಗೆ ಇದು ಆಗಿರಲಾರದು ಎಂಬ ಊಹೆ ತಾನಾಗಿಯೇ ಹಿಂದೆ ಬರುತ್ತದೆ. ಕಡಿಮೆ ಎನ್ನುವುದನ್ನು ನಾವು ಹಗುರ ಎಂದು ಓದಿಕೊಂಡೆವು.

ಇನ್ನು ಈ ತೊಂದರೆಗೆ ನಾವು ಕೊಡುವ ಚಿಕಿತ್ಸೆಯ ಆಧಾರಗಳು ಯಾರ ಮೇಲೆ ನಿಂತಿವೆ ಎಂದು ನೋಡೋಣ. ಶಸ್ತ್ರಚಿಕಿತ್ಸೆಯಾದವರ ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆಯಾದರೆ ಎಎಫ್ ಬರುತ್ತದೆಂದು ನಾನು ನನ್ನ ಸೇವೆಯುದ್ದಕ್ಕೂ ಗಂಟೆಗಂಟೆಗೆ ರಕ್ತ ತೆಗೆದು, ಅದು 4.5 ದಾಟುವವರೆಗೆ ಡ್ರಿಪ್ಪಿಗೆ ಪೊಟ್ಯಾಸಿಯಂ ಸೇರಿಸಿದವಳು. ಬ್ರಿಟನ್ ಮತ್ತು ಜರ್ಮನಿಯ ಆಸ್ಪತ್ರೆಗಳಲ್ಲಿ 1,690 ಬೈಪಾಸ್ ರೋಗಿಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗ, 3.6ಕ್ಕಿಂತ ಇಳಿದಾಗ ಮಾತ್ರ ಕೊಟ್ಟರೂ ಎಎಫ್ ಹೆಚ್ಚಾಗುವುದಿಲ್ಲ ಎಂದು ತೋರಿಸಿ ಆ ಅಭ್ಯಾಸವನ್ನೇ ಪ್ರಶ್ನಿಸಿತು. ಒಳ್ಳೆಯ ಪ್ರಯೋಗ, ಸೂಜಿಯ ಗಾಯ ಕಡಿಮೆಯಾಗುತ್ತದೆ. ಆದರೆ ಅದರಲ್ಲಿದ್ದ ಮಹಿಳೆಯರು ನೂರಕ್ಕೆ 15. ಹೃದಯದ ಚೀಲದ ಹಿಂಭಾಗದಲ್ಲಿ ಸಣ್ಣ ಸೀಳು ಮಾಡಿ ಅಲ್ಲಿ ನಿಲ್ಲುವ ರಕ್ತಕ್ಕೆ ದಾರಿ ಮಾಡಿಕೊಟ್ಟರೆ ಎಎಫ್ ನೂರಕ್ಕೆ 32ರಿಂದ 17ಕ್ಕೆ ಇಳಿಯಿತೆಂದು 2021ರಲ್ಲಿ ತೋರಿಸಿದ ನ್ಯೂಯಾರ್ಕಿನ ಪ್ರಯೋಗದಲ್ಲಿ 420 ಜನರಿದ್ದರು. ಮಹಿಳೆಯರು ಅವರಲ್ಲಿ ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ. ಕಾಲು ಭಾಗದ ಉತ್ತರವನ್ನು ಮುಕ್ಕಾಲು ಭಾಗದವರ ಉತ್ತರದೊಳಗೆ ಬೆರೆಸಿ ಎಲ್ಲರಿಗೂ ಅನ್ವಯಿಸುವುದು ಈ ಕ್ಷೇತ್ರದ ವಾಡಿಕೆಯಾಗಿದೆ.

ಹಾಗೆ ಬೆರೆಸಿದಾಗ ಏನಾಗಬಹುದು ಎನ್ನುವುದಕ್ಕೆ ಹಳೆಯ ನಿದರ್ಶನವಿದೆ. ಹೃದಯ ವೈಫಲ್ಯದ ರೋಗಿಗಳಿಗೆ ಡಿಜಾಕ್ಸಿನ್ ಕೊಟ್ಟು ನೋಡಿದ, 6,800 ಜನರಿದ್ದ ದೊಡ್ಡ ಪ್ರಯೋಗವೊಂದು 1997ರಲ್ಲಿ, ಆ ಔಷಧದಿಂದ ಒಟ್ಟು ಸಾವಿನ ಸಂಖ್ಯೆಯಲ್ಲಿ ವ್ಯತ್ಯಾಸವಿಲ್ಲ ಎಂದು ಹೇಳಿತು. ಐದು ವರ್ಷಗಳ ಮೇಲೆ, 2002ರಲ್ಲಿ, ಬೇರೆಯವರು ಅದೇ ಅಂಕಿಗಳನ್ನು ಮಹಿಳೆಯರು ಮತ್ತು ಪುರುಷರೆಂದು ಬಿಡಿಸಿ ನೋಡಿದಾಗ, ಡಿಜಾಕ್ಸಿನ್ ತೆಗೆದುಕೊಂಡ ಮಹಿಳೆಯರಲ್ಲಿ ತೆಗೆದುಕೊಳ್ಳದ ಮಹಿಳೆಯರಿಗಿಂತ ಸಾವು ಹೆಚ್ಚಿದ್ದುದು ಕಂಡಿತು. ಅಂಕಿಗಳು ಹೊಸವಲ್ಲ, ಬಿಡಿಸಿ ನೋಡಿದ್ದು ಮಾತ್ರ ಹೊಸದು. ಎಎಫ್‌ನಲ್ಲಿ ಬಡಿತದ ವೇಗ ತಗ್ಗಿಸಲು ಇಂದಿಗೂ ಡಿಜಾಕ್ಸಿನ್ ಕೊಡುವುದುಂಟು. ಮೆಟೊಪ್ರೊಲಾಲ್ ಎಂಬ ಬೀಟಾ ಬ್ಲಾಕರ್‌ನ ಒಂದೇ ಪ್ರಮಾಣಕ್ಕೆ ಮಹಿಳೆಯ ರಕ್ತದಲ್ಲಿ ಔಷಧದ ಮಟ್ಟ ಪುರುಷನಿಗಿಂತ ಹೆಚ್ಚು ಏರುತ್ತದೆ ಎನ್ನುವುದೂ ತಿಳಿದ ವಿಷಯವೇ. ಇಸಿಜಿಯಲ್ಲಿ ಕ್ಯೂಟಿ ಎನ್ನುವ ಅಂತರ, ಅಂದರೆ ಹೃದಯದ ಕೆಳಗಿನ ಕೋಣೆಗಳು ಒಮ್ಮೆ ಬಡಿದು ಮುಂದಿನ ಬಡಿತಕ್ಕೆ ಸಜ್ಜಾಗಲು ಹಿಡಿಯುವ ಹೊತ್ತು, ಮಹಿಳೆಯರಲ್ಲಿ ಉದ್ದ ಎಂದು ಬ್ಯಾಜೆಟ್ ಎಂಬ ವಿಜ್ಞಾನಿ ಗಮನಿಸಿದ್ದು 1920ರಲ್ಲಿ. ಲಯ ಸರಿಪಡಿಸಲು ಕೊಡುವ ಸೋಟಲಾಲ್‌ನಂಥ ಕೆಲವು ಔಷಧಗಳೇ ಆ ಅಂತರವನ್ನು ಇನ್ನೂ ಉದ್ದ ಮಾಡಿ ಅಪಾಯಕಾರಿ ಲಯವನ್ನು ಹುಟ್ಟಿಸುವುದು ಮಹಿಳೆಯರಲ್ಲಿ ಹೆಚ್ಚು. ಇಷ್ಟೆಲ್ಲ ತಿಳಿದ ಮೇಲೂ 42 ಕಿಲೋ ತೂಕದ ಮಹಿಳೆಗೂ 80 ಕಿಲೋ ತೂಕದ ಪುರುಷನಿಗೂ ಚಾರ್ಟಿನಲ್ಲಿ ಒಂದೇ ಪ್ರಮಾಣ ಬರೆದದ್ದನ್ನು ನಾನು ಲೆಕ್ಕವಿಲ್ಲದಷ್ಟು ಬಾರಿ ಕಂಡಿದ್ದೇನೆ.

ಪ್ರಯೋಗಗಳಲ್ಲಿ ಮಹಿಳೆಯರು ಕಡಿಮೆಯಿರುವುದಕ್ಕೆ ಒಂದು ನೇರ ಕಾರಣವೂ ಇದೆ: ಬೈಪಾಸ್‌ಗೆ ಬರುವ ಮಹಿಳೆಯರೇ ಕಡಿಮೆ. ಅಮೆರಿಕದಲ್ಲಿ 2011ರಿಂದ 2020ರವರೆಗೆ ಬೈಪಾಸ್ ಆದ ಸುಮಾರು 13 ಲಕ್ಷ ಜನರ ದಾಖಲೆಗಳನ್ನು ನೋಡಿದ ಅಧ್ಯಯನದಲ್ಲೂ ಮಹಿಳೆಯರು ಕಾಲು ಭಾಗ ಮಾತ್ರ. ಶಸ್ತ್ರಚಿಕಿತ್ಸೆಯ ಹಂತದ ಸಾವು ಪುರುಷರಲ್ಲಿ ನೂರಕ್ಕೆ 1.7 ಇದ್ದರೆ ಅವರಲ್ಲಿ 2.8, ಮತ್ತು ಆ ಹತ್ತು ವರ್ಷಗಳಲ್ಲಿ ಈ ಅಂತರ ಕಿರಿದಾಗಲಿಲ್ಲ. ನಮ್ಮಲ್ಲಿ ಒಂದು ಆಸ್ಪತ್ರೆಯನ್ನು ತೆಗೆದುಕೊಂಡರೆ ವರ್ಷಕ್ಕೆ ಬೈಪಾಸ್ ಆಗುವ ಮಹಿಳೆಯರ ಸಂಖ್ಯೆ ಸಣ್ಣದು, ಅವರಲ್ಲಿ ಎಎಫ್ ಆದವರ ಸಂಖ್ಯೆ ಇನ್ನೂ ಸಣ್ಣದು. ಅಷ್ಟರಿಂದ ಯಾವ ಸರ್ಜನ್ನರೂ ಏನನ್ನೂ ಹೇಳಲಾರರು. ಈ ಪತ್ರವನ್ನು ಟ್ರಸ್ಟ್‌ಗೆ ಬರೆಯಲು ಮುಖ್ಯ ಕಾರಣ ಇದೇ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳೆರಡರಲ್ಲೂ ನಡೆಯುವ ಹೃದಯ ಶಸ್ತ್ರಚಿಕಿತ್ಸೆಗಳ ಕಾಗದಗಳು ಹಣ ಪಾವತಿಗಾಗಿ ನಿಮ್ಮ ಬಳಿಗೆ ಬರುತ್ತವೆ. ಬೇರೆಬೇರೆ ಆಸ್ಪತ್ರೆಗಳಲ್ಲಿ ಚದುರಿಹೋದ ಮಹಿಳೆಯರೆಲ್ಲ ಒಂದೆಡೆ ಸೇರಿ ಲೆಕ್ಕಕ್ಕೆ ಸಿಗಬಹುದಾದ ಜಾಗ ನಿಮ್ಮ ಕಚೇರಿ.

ನಮ್ಮ ರಾಜ್ಯದ ಮಟ್ಟಿಗೆ ಇನ್ನೊಂದು ಕಾರಣವೂ ಇದೆ, ಅದನ್ನು ಪಾಶ್ಚಾತ್ಯ ಅಂಕಿಗಳಲ್ಲಿ ಹುಡುಕಿದರೆ ಸಿಗುವುದಿಲ್ಲ. ಬಾಲ್ಯದಲ್ಲಿ ಗಂಟಲು ನೋವಿನ ಹಿಂದೆ ಬರುವ ರುಮ್ಯಾಟಿಕ್ ಜ್ವರದಿಂದ ಹೃದಯದ ಎಡಗಡೆಯ ಎರಡು ಕೋಣೆಗಳ ನಡುವಿನ ಮೈಟ್ರಲ್ ವಾಲ್ವ್ ಕಿರಿದಾದವರಲ್ಲಿ ಮಹಿಳೆಯರೇ ಹೆಚ್ಚು. ಅವರು ಆಪರೇಷನ್ ಟೇಬಲ್ಲಿಗೆ ಬರುವುದು ಅರವತ್ತೈದಕ್ಕಲ್ಲ, ಮೂವತ್ತಕ್ಕೆ, ನಲವತ್ತಕ್ಕೆ. ಕಿರಿದಾದ ವಾಲ್ವಿನ ಹಿಂದೆ ಎಡ ಹೃತ್ಕರ್ಣ ವರ್ಷಗಟ್ಟಲೆ ಹಿಗ್ಗಿರುತ್ತದೆ. ಅನೇಕರು ಬರುವಾಗಲೇ ಎಎಫ್‌ನಲ್ಲಿರುತ್ತಾರೆ. ಇಂಥ ರುಮ್ಯಾಟಿಕ್ ಎಎಫ್ ಇರುವ 4,500ಕ್ಕೂ ಹೆಚ್ಚು ಜನರ ಮೇಲೆ ಆಫ್ರಿಕಾ, ಏಷ್ಯಾ ಮತ್ತು ಲ್ಯಾಟಿನ್ ಅಮೆರಿಕದ ದೇಶಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಹಿಳೆಯರು ನೂರಕ್ಕೆ 72, ಸರಾಸರಿ ವಯಸ್ಸು 50ರ ಆಸುಪಾಸು. ರಕ್ತ ತೆಳುವಾಗಿಸುವ ಹೊಸ ಔಷಧವಾದ ರಿವರಾಕ್ಸಬಾನ್‌ಗಿಂತ ವಾರ್ಫರಿನ್ ವರ್ಗದ ಹಳೆಯ ಮಾತ್ರೆ ತೆಗೆದುಕೊಂಡವರಲ್ಲೇ ಸಾವು ಕಡಿಮೆ ಎಂದು ಅದು ತೋರಿಸಿತು. ಬೇರೆ ಎಎಫ್ ರೋಗಿಗಳಿಗೆ ಹೊಸ ಮಾತ್ರೆ ಒಳ್ಳೆಯದೆಂದು ಕಲಿತಿದ್ದವರಿಗೆ ಇದು ಅನಿರೀಕ್ಷಿತ ಉತ್ತರ. ಈ ಕಾಯಿಲೆಯಿರುವ, ಹೆಚ್ಚಿನವರು ಮಹಿಳೆಯರೇ ಆದ ರೋಗಿಗಳನ್ನೇ ಸೇರಿಸಿಕೊಂಡು ಪ್ರಶ್ನೆ ಕೇಳಿದ್ದರಿಂದ ಆ ಉತ್ತರ ಸಿಕ್ಕಿತು. ಆ ಹಳೆಯ ಮಾತ್ರೆಗೆ ತಿಂಗಳಿಗೊಮ್ಮೆಯಾದರೂ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುವ ಐಎನ್‌ಆರ್ ರಕ್ತ ಪರೀಕ್ಷೆ ಬೇಕು, ಗರ್ಭಿಣಿಯಾದರೆ ಮಗುವಿಗೆ ಅಪಾಯವೆಂದು ಮಾತ್ರೆಯನ್ನೇ ಮರುಚಿಂತಿಸಬೇಕು. ಮೂವತ್ತರ ಹೆಣ್ಣುಮಗಳಿಗೆ ಇದು ಸಣ್ಣ ಮಾತಲ್ಲ. ಹಾಗಾಗಿ ಶಸ್ತ್ರಚಿಕಿತ್ಸೆಗೆ ಮುಂಚಿನ ಎಎಫ್ ಮತ್ತು ನಂತರ ಹೊಸದಾಗಿ ಬಂದ ಎಎಫ್ ಎರಡನ್ನೂ ಒಂದೇ ಕಾಲಮಿನಲ್ಲಿ ತುಂಬಿದರೆ ನಮ್ಮ ರಾಜ್ಯದ ಲೆಕ್ಕ ಮೊದಲ ದಿನವೇ ಕೆಡುತ್ತದೆ.

ಯುರೋಪಿನ ಹೃದ್ರೋಗ ತಜ್ಞರ ಸಂಘ 2024ರ ತನ್ನ ಮಾರ್ಗಸೂಚಿಯಲ್ಲಿ, ಎಎಫ್ ಇರುವವರ ಲಕ್ವದ ಅಪಾಯ ಅಳೆಯುವ ಅಂಕಪಟ್ಟಿಯಿಂದ ಮಹಿಳೆ ಎಂಬುದಕ್ಕೆ ಕೊಡುತ್ತಿದ್ದ ಒಂದು ಅಂಕವನ್ನು ತೆಗೆದುಹಾಕಿತು ಎಂಬುದು ನನಗೆ ಗೊತ್ತು, ಮತ್ತು ಅದನ್ನು ತೋರಿಸಿ ಇನ್ನು ಮಹಿಳೆ-ಪುರುಷ ಭೇದದ ಮಾತೇಕೆ ಎಂದು ಕೇಳುವವರೂ ಇದ್ದಾರೆ. ಆ ಅಂಕ ಕೊಟ್ಟದ್ದೂ ತೆಗೆದದ್ದೂ ಮಹಿಳೆಯರನ್ನು ಬೇರೆಯಾಗಿ ಎಣಿಸಿದ್ದರಿಂದಲೇ ಸಾಧ್ಯವಾಯಿತು. ಎಣಿಸದ ನಮಗೆ ಕೊಡುವ ಹಕ್ಕೂ ಇಲ್ಲ, ತೆಗೆಯುವ ಹಕ್ಕೂ ಇಲ್ಲ.

ನನ್ನ ಬೇಡಿಕೆ ಚಿಕ್ಕದು. ಟ್ರಸ್ಟ್‌ಗೆ ಸಲ್ಲಿಸುವ ಪ್ರತಿಯೊಂದು ಹೃದಯ ಶಸ್ತ್ರಚಿಕಿತ್ಸೆಯ ಡಿಸ್ಚಾರ್ಜ್ ಸಮ್ಮರಿಯಲ್ಲಿ ಒಂದು ಸಾಲು ಕಡ್ಡಾಯವಾಗಬೇಕು: ಶಸ್ತ್ರಚಿಕಿತ್ಸೆಗೆ ಮೊದಲು ಎಎಫ್ ಇತ್ತೇ, ನಂತರ ಹೊಸದಾಗಿ ಬಂತೇ, ಬಂದಿದ್ದರೆ ಎಷ್ಟನೆಯ ದಿನ, ಎಷ್ಟು ಹೊತ್ತು, ಏನು ಕೊಡಲಾಯಿತು, ಮನೆಗೆ ಹೋಗುವಾಗ ಲಯ ಯಾವುದು, ರಕ್ತ ತೆಳುವಾಗಿಸುವ ಮಾತ್ರೆ ಬರೆಯಲಾಗಿದೆಯೇ, ಇಲ್ಲವಾದರೆ ಏಕೆ ಇಲ್ಲ. ಈ ಸಾಲು ಖಾಲಿಯಿದ್ದರೆ ಕಾಗದ ಅಪೂರ್ಣವೆಂದು ಹಿಂದಿರುಗಬೇಕು. ಹೊಲಿಗೆಯ ಫೋಟೊ ಇಲ್ಲವೆಂದು ಕಾಗದ ಹಿಂದಿರುಗಿದ್ದನ್ನು ನಾನು ಕಂಡಿದ್ದೇನೆ; ಲಯಕ್ಕೂ ಅಷ್ಟು ಬೆಲೆ ಇರಲಿ. ರೋಗಿಯ ಕೈಗೆ ಕೊಡುವ ಪ್ರತಿಯಲ್ಲಿ ಅದೇ ಸಾಲು ಕನ್ನಡದಲ್ಲಿ, ಊರಿನ ವೈದ್ಯರ ಮೇಜಿನ ಮೇಲೆ ಮೊದಲು ಕಣ್ಣಿಗೆ ಬೀಳುವಂತೆ ಇರಬೇಕು.

ಎರಡನೆಯದು, ಹಾಗೆ ಎಎಫ್ ಬಂದವರಿಗೆ ಒಂದರಿಂದ ಎರಡು ತಿಂಗಳೊಳಗೆ ಇಸಿಜಿ. ಅಮೆರಿಕದ ಹೃದ್ರೋಗ ಸಂಘಟನೆಗಳ 2023ರ ಮಾರ್ಗಸೂಚಿ, ರಕ್ತಸ್ರಾವದ ಅಪಾಯ ನೋಡಿಕೊಂಡು 60 ದಿನ ರಕ್ತ ತೆಳುವಾಗಿಸುವ ಔಷಧ ಕೊಟ್ಟು ಮುಂದುವರಿಸಬೇಕೇ ಎಂದು ಮರುಪರಿಶೀಲಿಸುವುದು ಸೂಕ್ತವೆನ್ನುತ್ತದೆ. ಆ ಮರುಪರಿಶೀಲನೆಗೆ ಬೀದರಿನಿಂದಲೋ ಚಾಮರಾಜನಗರದಿಂದಲೋ ಒಂದು ದಿನದ ಕೂಲಿ ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು ದೊಡ್ಡ ಆಸ್ಪತ್ರೆಗೆ ಬನ್ನಿ ಎಂದರೆ ಗಂಡಸು ಬರಬಹುದು. ಹೆಂಗಸು ಚೆನ್ನಾಗಿದ್ದೇನೆ ಎಂದು ಹೇಳಿ ಮನೆಯಲ್ಲೇ ಉಳಿಯುತ್ತಾಳೆ. ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೂರದ ಹೃದ್ರೋಗ ಕೇಂದ್ರದವರಿಗೆ ತೋರಿಸುವ ವ್ಯವಸ್ಥೆಯನ್ನು ರಾಜ್ಯ ಹೃದಯಾಘಾತಕ್ಕಾಗಿ ಈಗಾಗಲೇ ಕಟ್ಟಿದೆ. ಅದೇ ಯಂತ್ರ, ಅದೇ ದಾರಿ ಇದಕ್ಕೂ ಸಾಕು. ಹೊಸ ಕಟ್ಟಡ ಬೇಡ, ಹೊಸ ಹುದ್ದೆ ಬೇಡ.

ಒಂದು ಇಸಿಜಿಯಿಂದ ಎಲ್ಲವೂ ಸಿಗುವುದಿಲ್ಲ ಎನ್ನುವವರ ಮಾತು ನಿಜ. ಎಎಫ್ ಬಂದು ಹೋಗುವ ಸ್ವಭಾವದ್ದು. ಕೆನಡಾದಲ್ಲಿ 336 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹೃದಯ ಶಸ್ತ್ರಚಿಕಿತ್ಸೆಯ ನಂತರ ಮನೆಗೆ ಹೋದವರ ಎದೆಗೆ ಸದಾ ಲಯ ದಾಖಲಿಸುವ ಪಟ್ಟಿ ಅಂಟಿಸಿ ನೋಡಿದಾಗ 30 ದಿನಗಳಲ್ಲಿ ನೂರಕ್ಕೆ ಸುಮಾರು 20 ಜನರಲ್ಲಿ ಲಯದೋಷ ಕಂಡಿತು. ಎಂದಿನ ರೀತಿಯ ತಪಾಸಣೆಯಲ್ಲಿ ಕಂಡದ್ದು ನೂರಕ್ಕೆ ಎರಡಕ್ಕಿಂತ ಕಡಿಮೆ ಜನರಲ್ಲಿ. ಅಂಥ ಪಟ್ಟಿಯನ್ನು ಎಲ್ಲರಿಗೂ ಕೊಡಿ ಎಂದು ನಾನು ಕೇಳುತ್ತಿಲ್ಲ. ಆದರೆ ಆಶಾ ಕಾರ್ಯಕರ್ತೆಗೆ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಪೂರ್ತಿ ಒಂದು ನಿಮಿಷ ನಾಡಿ ಎಣಿಸಲು, ಎಣಿಸುವುದಕ್ಕಿಂತ ಹೆಚ್ಚಾಗಿ ಅದರ ನಡಿಗೆ ಸಮವಾಗಿದೆಯೇ ಎಂದು ಗಮನಿಸಲು ಅರ್ಧ ದಿನದಲ್ಲಿ ಕಲಿಸಬಹುದು. ಹತ್ತಾರು ನರ್ಸಿಂಗ್ ವಿದ್ಯಾರ್ಥಿನಿಯರಿಗೆ ನಾನು ಕಲಿಸಿದ್ದೇನೆ. ಸಂಬಳ ಕೇಳದೆ ಆಶಾಗಳಿಗೂ ಕಲಿಸಲು ಸಿದ್ಧಳಿದ್ದೇನೆ.

ಮೂರನೆಯದು, ಆ ಸಾಲುಗಳಿಂದ ಬರುವ ಲೆಕ್ಕವನ್ನು ವರ್ಷಕ್ಕೊಮ್ಮೆ ಪ್ರಕಟಿಸುವುದು. ರೋಗಿಯ ಹೆಸರು ಬೇಡ, ಆಸ್ಪತ್ರೆಗಳನ್ನು ಸಾಲಾಗಿ ನಿಲ್ಲಿಸಿ ಅವಮಾನಿಸುವುದೂ ಬೇಡ. ಎಷ್ಟು ಮಹಿಳೆಯರಿಗೆ, ಎಷ್ಟು ಪುರುಷರಿಗೆ ಯಾವ ಶಸ್ತ್ರಚಿಕಿತ್ಸೆಯಾಯಿತು, ಎಷ್ಟು ಜನರಿಗೆ ಹೊಸದಾಗಿ ಎಎಫ್ ಬಂತು, ಅವರಲ್ಲಿ ಎಷ್ಟು ಜನರಿಗೆ ಔಷಧ ಬರೆಯಲಾಯಿತು, ಒಂದು ವರ್ಷದೊಳಗೆ ಎಷ್ಟು ಜನ ಲಕ್ವಕ್ಕೋ ಬೇರೆ ಕಾರಣಕ್ಕೋ ಮತ್ತೆ ದಾಖಲಾದರು, ಇಷ್ಟನ್ನು ಮಹಿಳೆ ಮತ್ತು ಪುರುಷ ಎಂದು ಬಿಡಿಸಿ, ಬೈಪಾಸ್ ಮತ್ತು ವಾಲ್ವ್ ಎಂದು ಬಿಡಿಸಿ ಕೊಟ್ಟರೆ ಸಾಕು. ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿ ಆಸ್ಪತ್ರೆಗಳನ್ನು ನಡೆಸುವ ಜಯದೇವ ಸಂಸ್ಥೆಯಂಥ ದೊಡ್ಡ ಸರ್ಕಾರಿ ಸಂಸ್ಥೆ ಮೊದಲ ವರ್ಷ ಮಾದರಿಯಾಗಿ ಇದನ್ನು ಮಾಡಿದರೆ ಉಳಿದವರಿಗೆ ದಾರಿ ಸುಲಭವಾಗುತ್ತದೆ.

ಸರ್ಜನ್ನರಲ್ಲಿ ಕೆಲವರು ಇದನ್ನು ಓದಿ, ಈಗಿರುವ ಫಾರಂಗಳನ್ನು ತುಂಬಲೇ ಸಮಯವಿಲ್ಲ, ಇನ್ನೊಂದೇ ಎಂದು ಹೇಳುತ್ತೀರಿ. ನಿಮ್ಮ ಜೊತೆ 26 ವರ್ಷ ನಿಂತವಳಾದ್ದರಿಂದ ಆ ದಣಿವು ನನಗೆ ಗೊತ್ತು. ಆದರೆ ಈ ಸಾಲಿಗೆ ಬೇಕಾದುದನ್ನು ನರ್ಸ್ ಆಗಲೇ ರಾತ್ರಿ ಎರಡೂವರೆಗೆ ಬರೆದಿಟ್ಟಿರುತ್ತಾಳೆ. ಸಮ್ಮರಿ ಬರೆಯುವ ದಿನ ಆ ಪುಟವನ್ನು ತೆರೆದು ನೋಡುವಂತೆ ನಿಮ್ಮ ಕಿರಿಯ ವೈದ್ಯರಿಗೆ ಹೇಳಿ, ಮತ್ತು ಬಿಟ್ಟುಹೋದದ್ದನ್ನು ತೋರಿಸಲು ಬರುವ ನರ್ಸಿಗೆ ಸಿಡುಕಬೇಡಿ.

ಇದನ್ನು ಓದುತ್ತಿರುವ ಮನೆಯವರಲ್ಲಿಯೂ ಒಂದು ವಿನಂತಿ. ನಿಮ್ಮ ತಾಯಿಗೋ ಅತ್ತೆಗೋ ಅಕ್ಕನಿಗೋ ಹೃದಯದ ಶಸ್ತ್ರಚಿಕಿತ್ಸೆಯಾಗಿದ್ದರೆ, ಮನೆಗೆ ಹೊರಡುವ ದಿನ ಬಿಲ್ಲಿನ ಜೊತೆಗೆ ಇದನ್ನೂ ಕೇಳಿ: ಇವರಿಗೆ ಇಲ್ಲಿದ್ದಾಗ ಎದೆಬಡಿತದ ಲಯ ತಪ್ಪಿತ್ತೇ, ತಪ್ಪಿದ್ದರೆ ಕಾಗದದಲ್ಲಿ ಬರೆದಿದ್ದೀರಾ? ಮನೆಯಲ್ಲಿ ಅವರು ಸುಸ್ತು ಎಂದಾಗ, ಜೀವ ಕಸಿವಿಸಿ ಎಂದಾಗ, ಅವರ ಬದಲು ನೀವು ಉತ್ತರ ಕೊಡುವ ಮುಂಚೆ ಅವರ ಮಣಿಕಟ್ಟು ಹಿಡಿದು ಒಂದು ನಿಮಿಷ ನೋಡಿ. ನಾಡಿ ತಾಳ ತಪ್ಪಿ ನಡೆಯುತ್ತಿದ್ದರೆ ಅದೇ ದಿನ ಇಸಿಜಿ ತೆಗೆಸಿ. ಮುಖ ಸೊಟ್ಟಗಾದರೆ, ಕೈ ಬಿದ್ದರೆ, ಮಾತು ತೊದಲಿದರೆ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಕರೆ ಮಾಡಿ.

ನಾನು ಹೇಳಿದ ಆ ತಾಯಿ ಈಗಲೂ ಇದ್ದಾರೆ. ಎಡಗೈಯಲ್ಲಿ ಊಟ ಮಾಡಲು ಕಲಿತಿದ್ದಾರೆ. ಅವರ ಮೊದಲ ಡಿಸ್ಚಾರ್ಜ್ ಸಮ್ಮರಿಯಲ್ಲಿ ಇವತ್ತಿಗೂ ವಿಶೇಷ ತೊಂದರೆಗಳಿರಲಿಲ್ಲ ಎಂದೇ ಇದೆ.

ಇಂತಿ ವಂದನೆಗಳೊಂದಿಗೆ,

ಹೃದಯ ಶಸ್ತ್ರಚಿಕಿತ್ಸಾ ನಿಗಾ ಘಟಕದ ಒಬ್ಬ ನಿವೃತ್ತ ಶುಶ್ರೂಷಕಿ